ಸ್ಥಿರ ಕಾಂತಕ್ಷೇತ್ರವೂ ಅಕಶೇರುಕ ಪ್ರಾಣಿಗಳೂ: ಪ್ರಯೋಗಸಾಹಿತ್ಯದ ಒಂದು ವಿಮರ್ಶೆ

೨೦೨೩ನೆಯ ವರ್ಷದಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ಸುಮಾರು ಆರು ತಿಂಗಳ ಅಂತರದಲ್ಲಿ, ಒಂದೇ ಪ್ರಾಣಿಯನ್ನು ಕುರಿತ ಎರಡು ಪ್ರಬಂಧಗಳು ಅಚ್ಚಾದುವು. ಹಣ್ಣುನೊಣವಾದ ಡ್ರಾಸೊಫಿಲದಲ್ಲಿ ಕಾಂತಕ್ಷೇತ್ರದ ಪರಿಣಾಮ ಉಂಟಾಗಲು ಯಾವ ಪ್ರೋಟೀನಿನ ಯಾವ ತುಣುಕು ಸಾಕೆಂಬುದನ್ನು ಮೊದಲನೆಯದು ವಿವರಿಸಿತು. ಒಂದು ಲಕ್ಷಕ್ಕೂ ಮಿಕ್ಕ ನೊಣಗಳನ್ನು ಪರೀಕ್ಷಿಸಿದ ಎರಡನೆಯದು, ನೊಣದ ನಡವಳಿಕೆಯ ಮೇಲೆ ಕಾಂತಕ್ಷೇತ್ರ ಪರಿಣಾಮ ಬೀರುತ್ತದೆಂಬುದಕ್ಕೆ ಪುರಾವೆಯೇ ಇಲ್ಲವೆಂದು ಸಾರಿತು. ಇವೆರಡನ್ನೂ ಓದಿದ ಅಧ್ಯಾಪಕನು ತರಗತಿಯಲ್ಲಿ ಏನನ್ನು ಹೇಳಬೇಕು? ಇಬ್ಬರ ಮಾತನ್ನೂ ಒಪ್ಪಿಸಿ ಸುಮ್ಮನಾಗುವುದು ಸುಲಭ. ಆದರೆ ಅದು ಬೋಧನೆಯಾಗಲಾರದು. ಪಠ್ಯಪುಸ್ತಕಗಳು ಮೊದಲ ಶೋಧವನ್ನು ಮಾತ್ರ ಹೇಳಿ, ಅನಂತರ ಬಂದ ನಿರಾಕರಣೆಯನ್ನು ಬಿಟ್ಟುಬಿಡುವುದು ವಾಡಿಕೆಯಾಗಿರುವುದರಿಂದ, ಈ ವಿಷಯವನ್ನು ಕುರಿತ ಪ್ರಯೋಗಸಾಹಿತ್ಯವನ್ನು ವಿಮರ್ಶಕನ ಕಣ್ಣಿನಿಂದ ಒಮ್ಮೆ ನೋಡುವುದು ಆವಶ್ಯಕವೆಂದು ನಮಗೆ ತೋರಿದೆ.

ಈ ಲೇಖನದಲ್ಲಿ ನಾವು ಸ್ಥಿರ ಕಾಂತಕ್ಷೇತ್ರವನ್ನು, ಎಂದರೆ ಕಾಲಕ್ಕನುಗುಣವಾಗಿ ಏರಿಳಿಯದೆ ಒಂದೇ ಬಲದಿಂದ ನಿಲ್ಲುವ ಕ್ಷೇತ್ರವನ್ನು ಮಾತ್ರ ಗಮನಿಸುತ್ತೇವೆ. ಭೂಮಿಯ ಕಾಂತಕ್ಷೇತ್ರವನ್ನೂ ವ್ಯವಹಾರಕ್ಕೆ ಸ್ಥಿರವೆಂದೇ ಎಣಿಸಬಹುದು. ವಿದ್ಯುತ್ ತಂತಿಗಳ ಆಂದೋಲನ ಕ್ಷೇತ್ರದ ಪ್ರಶ್ನೆ ಬೇರೆ. ಅದಕ್ಕೂ ಇದಕ್ಕೂ ಗಂಟುಹಾಕಿದುದರಿಂದ ಈ ಸಾಹಿತ್ಯದಲ್ಲಿ ಸಾಕಷ್ಟು ಗೊಂದಲ ಹುಟ್ಟಿದೆ. ಅಲ್ಲದೆ ‘ಪರಿಣಾಮ’ವೆಂಬ ಒಂದೇ ಮಾತಿನಲ್ಲಿ ಎರಡು ಸಂಗತಿಗಳು ಅಡಗಿವೆ. ಪ್ರಾಣಿಯು ಕ್ಷೇತ್ರವನ್ನು ಗ್ರಹಿಸಿ ಅದರಿಂದ ದಿಕ್ಕನ್ನು ಅರಿಯುವುದು ಒಂದು. ಬಲವಾದ ಅಯಸ್ಕಾಂತದ ಬಳಿ ಇಟ್ಟಾಗ ಅದರ ಬೆಳವಣಿಗೆಯೋ ಮೊಟ್ಟೆಯ ಸಂಖ್ಯೆಯೋ ವ್ಯತ್ಯಾಸವಾಗುವುದು ಇನ್ನೊಂದು. ಮೊದಲನೆಯದಕ್ಕೆ ಇಂದ್ರಿಯ ಬೇಕು, ಎರಡನೆಯದಕ್ಕೆ ಬೇಡ. ಇವೆರಡನ್ನೂ ಒಂದೇ ಕೋಷ್ಟಕದಲ್ಲಿ ಸೇರಿಸಿ ‘ಇಷ್ಟು ಪ್ರಾಣಿಗಳಲ್ಲಿ ಪರಿಣಾಮ ಕಂಡಿದೆ’ ಎಂದು ಎಣಿಸುವ ಸಮೀಕ್ಷೆಗಳನ್ನು ನಾವು ಹೆಚ್ಚು ಬೆಲೆಯುಳ್ಳವೆಂದು ಭಾವಿಸುವುದಿಲ್ಲ.

ಮೊದಲು ಪ್ರಮಾಣದ ಮಾತು. ಭೂಮಿಯ ಮೇಲ್ಮೈಯಲ್ಲಿ ಕಾಂತಕ್ಷೇತ್ರದ ಬಲ ಸುಮಾರು ೨೫ರಿಂದ ೬೫ ಮೈಕ್ರೋಟೆಸ್ಲಗಳವರೆಗೆ ಇರುತ್ತದೆ. ದಕ್ಷಿಣ ಭಾರತದಲ್ಲಿ ಸುಮಾರು ೪೦. ಹಿಂದಿನ ಗ್ರಂಥಗಳ ಗೌಸ್ ಮಾನದಲ್ಲಿ ಹೇಳುವುದಾದರೆ ಇದು ಅರ್ಧ ಗೌಸಿಗಿಂತ ಕಡಿಮೆ. ಒಂದು ಟೆಸ್ಲಕ್ಕೆ ಹತ್ತು ಸಾವಿರ ಗೌಸ್. ಇಷ್ಟು ದುರ್ಬಲವಾದ ಕ್ಷೇತ್ರದಲ್ಲಿ ಒಂದು ಎಲೆಕ್ಟ್ರಾನಿನ ಭ್ರಮಣಕ್ಕೆ ಒದಗುವ ಶಕ್ತಿಯನ್ನು, ಸಾಮಾನ್ಯ ಉಷ್ಣತೆಯಲ್ಲಿ ಅಣುಗಳ ಕುಣಿದಾಟದ ಶಕ್ತಿಯೊಡನೆ ಹೋಲಿಸಿದರೆ, ಎರಡನೆಯದು ಮೊದಲನೆಯದಕ್ಕಿಂತ ಸುಮಾರು ಒಂದು ಕೋಟಿ ಪಟ್ಟು ದೊಡ್ಡದು. ಸಂತೆಯ ಗದ್ದಲದ ನಡುವೆ ಪಿಸುಮಾತನ್ನು ಕೇಳಿದಂತೆ ಎಂದರೂ ಹೋಲಿಕೆ ಸಾಲದು. ಆದ್ದರಿಂದ, ‘ಕೀಟವು ಭೂಕಾಂತವನ್ನು ಅರಿಯುತ್ತದೆ’ ಎನ್ನುವವರು ಈ ಕೋಟಿ ಪಟ್ಟಿನ ಅಂತರವನ್ನು ದಾಟುವ ಸೇತುವೆ ಯಾವುದೆಂದು ತೋರಿಸಬೇಕಾಗುತ್ತದೆ.

ಅಂಥ ಸೇತುವೆಗಳು ಎರಡು ಸೂಚಿತವಾಗಿವೆ. ಒಂದು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡು. ಪ್ರಾಣಿಯ ದೇಹವೇ ಈ ಖನಿಜವನ್ನು ತಯಾರಿಸಬಲ್ಲುದೆಂದು ಮೊದಲು ತೋರಿಸಿದವನು ಹೈಂಟ್ಸ್ ಲೋವೆನ್‌ಸ್ಟಾಮ್. ೧೯೬೨ರಲ್ಲಿ ಅವನು ಕೈಟನ್ ಎಂಬ ಕಡಲ ಮೃದ್ವಂಗಿಯ ಹಲ್ಲುಗಳಲ್ಲಿ ಇದನ್ನು ಕಂಡನು. ಬಂಡೆಯ ಮೇಲಿನ ಪಾಚಿಯನ್ನು ಕೆರೆಯಲು ಆ ಪ್ರಾಣಿಗೆ ಗಟ್ಟಿಯಾದ ಹಲ್ಲು ಬೇಕು. ದಿಕ್ಕನ್ನು ತಿಳಿಯಲು ಅಲ್ಲ. ಈ ಸಂಗತಿಯನ್ನು ಮುಂದೆಯೂ ನೆನಪಿನಲ್ಲಿಡುವುದು ಒಳ್ಳೆಯದು. ೫೦ ನ್ಯಾನೋಮೀಟರ್ ಅಳತೆಯ ಒಂದು ಮ್ಯಾಗ್ನಟೈಟ್ ಕಣಕ್ಕೆ ಭೂಕ್ಷೇತ್ರದಲ್ಲಿ ದೊರಕುವ ಶಕ್ತಿಯು ಉಷ್ಣಚಲನೆಯ ಶಕ್ತಿಗೆ ಹೆಚ್ಚುಕಡಿಮೆ ಸಮೀಪಕ್ಕೆ ಬರುತ್ತದೆ. ಹತ್ತಿಪ್ಪತ್ತು ಕಣಗಳನ್ನು ಸರಪಳಿಯಾಗಿ ಜೋಡಿಸಿದರೆ ಅದನ್ನು ಚೆನ್ನಾಗಿಯೇ ಮೀರುತ್ತದೆ. ೧೯೭೫ರಲ್ಲಿ ಬ್ಲೇಕ್‌ಮೋರ್ ವರ್ಣಿಸಿದ ಕಾಂತಾನುವರ್ತಿ ಬ್ಯಾಕ್ಟೀರಿಯಗಳು ನಡೆಸುವ ಉಪಾಯ ಇದೇ. ಎರಡನೆಯ ಸೇತುವೆ ರಾಸಾಯನಿಕವಾದುದು. ೧೯೭೮ರಲ್ಲಿ ಶುಲ್ಟನ್ನನೂ ಅವನ ಸಹೋದ್ಯೋಗಿಗಳೂ ಸೂಚಿಸಿ, ೨೦೦೦ದಲ್ಲಿ ರಿಟ್ಸ್ ಮೊದಲಾದವರು ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನಿಗೆ ಅನ್ವಯಿಸಿದ ವಾದದ ಪ್ರಕಾರ, ನೀಲಿ ಬೆಳಕು ಬಿದ್ದಾಗ ಹುಟ್ಟುವ ಜೋಡಿ ರ‍್ಯಾಡಿಕಲ್‌ಗಳ ಭ್ರಮಣಗಳು ಉಷ್ಣಸಮತೋಲಕ್ಕೆ ಬರುವ ಮೊದಲೇ ಕಾಂತಕ್ಷೇತ್ರವು ಕ್ರಿಯೆಯ ಫಲವನ್ನು ತಿದ್ದಬಲ್ಲುದು. ಸಮತೋಲವೇ ಇಲ್ಲದೆಡೆ ಮೇಲಿನ ಕೋಟಿ ಪಟ್ಟಿನ ಲೆಕ್ಕ ಅನ್ವಯಿಸುವುದಿಲ್ಲ. ಎರಡೂ ಭೌತಶಾಸ್ತ್ರಕ್ಕೆ ವಿರೋಧವಲ್ಲ; ಆದರೆ ಒಂದು ಸಂಗತಿ ಸಾಧ್ಯವೆಂಬುದೂ ಅದು ನಡೆಯುತ್ತಿದೆಯೆಂಬುದೂ ಒಂದೇ ಅಲ್ಲ.

ಈ ವಿಷಯದ ಆಧುನಿಕ ಚರಿತ್ರೆಯನ್ನು ಫ್ರಾಂಕ್ ಬ್ರೌನನಿಂದ ಆರಂಭಿಸಬಹುದು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಈ ಪ್ರಾಣಿಶಾಸ್ತ್ರಜ್ಞನು ೧೯೬೦ರ ಸುಮಾರಿಗೆ ಕೆಸರು ಬಸವನಹುಳುಗಳು ಕೊಳವೆಯೊಂದರ ಬಾಯಿಂದ ಹೊರಬಂದಾಗ ಯಾವ ಕಡೆಗೆ ಎಷ್ಟು ಬಾಗುತ್ತವೆಂದು ಸಾವಿರಗಟ್ಟಲೆ ಸಲ ಅಳೆದು, ಕೊಳವೆಯ ಕೆಳಗಿಟ್ಟ ದುರ್ಬಲ ಅಯಸ್ಕಾಂತಕ್ಕೆ ಅವು ಸ್ಪಂದಿಸುವುವೆಂದೂ ಆ ಸ್ಪಂದನ ಸೂರ್ಯಚಂದ್ರರ ಗತಿಯನ್ನು ಅನುಸರಿಸುವುದೆಂದೂ ಬರೆದನು. ಅವನ ಶ್ರಮ ಅಸಾಧಾರಣ. ಅವನ ಗಣಿತ ಅಷ್ಟಲ್ಲ. ಅಳತೆಗಳ ರಾಶಿಯನ್ನು ಬಗೆಬಗೆಯಾಗಿ ಸರಿಸಿ, ಕೂಡಿಸಿ, ಸರಾಸರಿ ತೆಗೆಯುತ್ತ ಹೋದರೆ ಯಾವ ರಾಶಿಯಲ್ಲಾದರೂ ಒಂದು ಲಯ ಕಾಣುತ್ತದೆ. ಇದನ್ನು ಲಮಾಂಟ್ ಕೋಲ್ ೧೯೫೭ರಲ್ಲಿಯೇ ‘ಸೈನ್ಸ್’ ಪತ್ರಿಕೆಯಲ್ಲಿ ವಿನೋದವಾಗಿ ತೋರಿಸಿದ್ದನು: ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕವೊಂದನ್ನು ತೆಗೆದುಕೊಂಡು, ಅವು ಏಕಶೃಂಗವೆಂಬ ಪುರಾಣಪ್ರಾಣಿಯ ಉಸಿರಾಟದ ಅಳತೆಗಳೆಂದು ಭಾವಿಸಿ, ಬ್ರೌನನ ಬಗೆಯ ಲೆಕ್ಕಾಚಾರವನ್ನೇ ಮಾಡಿ, ಇಲ್ಲದ ಪ್ರಾಣಿಯಲ್ಲಿ ದೈನಿಕ ಲಯವನ್ನು ‘ಕಂಡುಹಿಡಿದನು’. ವಿಜ್ಞಾನಸಾಹಿತ್ಯದಲ್ಲಿ ಇಂಥ ಹಾಸ್ಯ ಅಪರೂಪ. ಆದರೆ ಕೋಲನ ಹಾಸ್ಯದಿಂದ ಬ್ರೌನನ ಪ್ರಶ್ನೆ ಅಳಿಸಿಹೋಗಲಿಲ್ಲ. ಅವನ ಉತ್ತರ ಮಾತ್ರ ಅಳಿಸಿತು. ಪ್ರಶ್ನೆಯನ್ನೂ ಉತ್ತರವನ್ನೂ ಒಟ್ಟಿಗೆ ಗುಡಿಸಿಹಾಕಿದುದರಿಂದ ಮುಂದಿನ ಕೆಲವು ವರ್ಷ ಈ ವಿಷಯವನ್ನು ಕೈಗೆತ್ತಿಕೊಳ್ಳಲು ಗಂಭೀರ ಸಂಶೋಧಕರು ಅಂಜುವಂತಾಯಿತು.

ಆ ಅಂಜಿಕೆಯನ್ನು ಕಳೆದದ್ದು ಜೇನುನೊಣ. ಮಾರ್ಟಿನ್ ಲಿಂಡಾವರ್ ಮತ್ತು ಹೆರ್ಮನ್ ಮಾರ್ಟಿನ್ ೧೯೬೮ರಲ್ಲಿ ಪ್ರಕಟಿಸಿದ ಸಂಗತಿ ಇಂತಿದೆ. ನೆಟ್ಟಗೆ ನಿಂತ ಎರಿಯ ಮೇಲೆ ಕುಣಿಯುವ ನೊಣವು ಸೂರ್ಯನಿಗೂ ಆಹಾರಕ್ಕೂ ಇರುವ ಕೋನವನ್ನು ಗುರುತ್ವದ ದಿಕ್ಕಿಗೆ ಪರಿವರ್ತಿಸಿ ತೋರಿಸುತ್ತದೆಂಬುದು ಪ್ರಸಿದ್ಧ. ಈ ಪರಿವರ್ತನೆಯಲ್ಲಿ ಕೆಲವು ಡಿಗ್ರಿಗಳ ತಪ್ಪು ನುಸುಳುತ್ತದೆ; ಆ ತಪ್ಪು ಹೊತ್ತಿಗೆ ಹೊತ್ತಿಗೆ ಕ್ರಮವಾಗಿ ಬದಲಾಗುತ್ತದೆ. ಸುರುಳಿಗಳಿಂದ ಭೂಕ್ಷೇತ್ರವನ್ನು ಹೆಚ್ಚುಕಡಿಮೆ ಶೂನ್ಯಕ್ಕೆ ಇಳಿಸಿದಾಗ ತಪ್ಪು ಮಾಯವಾಯಿತು. ಕ್ಷೇತ್ರವಿದ್ದಾಗ ದಾರಿ ತಪ್ಪುವುದು, ಇಲ್ಲದಾಗ ಸರಿಯಾಗುವುದು! ಉಪಯೋಗಕ್ಕೆ ಬಾರದ ಈ ಪರಿಣಾಮವೇ ನಮಗೆ ಹೆಚ್ಚು ನಂಬಿಕೆಯನ್ನು ಹುಟ್ಟಿಸುತ್ತದೆ. ಏಕೆಂದರೆ ಸಂಶೋಧಕನು ಬಯಸಿ ಹುಡುಕುವ ಫಲ ಇಂಥದಲ್ಲ. ೧೯೭೨ರಲ್ಲಿ ಇವರೇ, ದುಂಡನೆಯ ಬರಿದಾದ ಪೆಟ್ಟಿಗೆಗೆ ಹಾಕಿದ ಹಿಂಡು ತಾಯಿಗೂಡಿನಲ್ಲಿದ್ದ ಎರಿಗಳ ಕಾಂತದಿಕ್ಕಿನಲ್ಲಿಯೇ ಹೊಸ ಎರಿಯನ್ನು ಕಟ್ಟುವುದನ್ನು ವರದಿಮಾಡಿದರು.

ಇಲ್ಲಿಂದ ಮುಂದಕ್ಕೆ ಜೇನುನೊಣದ ಸಾಹಿತ್ಯ ಎರಡಾಗಿ ಕವಲೊಡೆಯುತ್ತದೆ. ಎರಡರ ಗುಣವೂ ಒಂದೇ ಅಲ್ಲ. ಒಂದು ಇಂದ್ರಿಯವನ್ನು ಹುಡುಕುವ ಕವಲು. ಗೂಲ್ಡ್, ಕರ್ಶ್‌ವಿಂಕ್, ಡೆಫೇಸ್ ಇವರು ೧೯೭೮ರಲ್ಲಿ ನೊಣದ ಹೊಟ್ಟೆಯ ಭಾಗದಲ್ಲಿ ಉಳಿಕೆ ಕಾಂತತ್ವವನ್ನು ಅಳೆದರು. ಅದು ಸರಿಯಾದ ಅಳತೆಯೇ. ಆದರೆ ೧೯೯೪ರಲ್ಲಿ ಸು ಮತ್ತು ಲೀ ಎಂಬುವರು ಅಲ್ಲಿನ ಕೋಶಗಳ ಕಬ್ಬಿಣದ ಹರಳುಗಳೇ ಕಾಂತೇಂದ್ರಿಯವೆಂದು ಪ್ರಕಟಿಸಿದಾಗ, ೧೯೯೫ರಲ್ಲಿ ಅದೇ ಪತ್ರಿಕೆಯಲ್ಲಿ ಹಲವರು ಆ ವಾದವನ್ನು ಖಂಡಿಸಿದರು. ಖಂಡಿಸಿದವರಲ್ಲಿ ಕರ್ಶ್‌ವಿಂಕನೂ ಒಬ್ಬನು. ಕಬ್ಬಿಣವಿದ್ದಲ್ಲೆಲ್ಲ ದಿಕ್ಸೂಚಿಯಿದೆಯೆಂದರೆ ಕೈಟನ್ನಿನ ಹಲ್ಲೂ ದಿಕ್ಸೂಚಿಯಾಗಬೇಕಾಗುತ್ತದೆ. ಗೂಲ್ಡನು ೧೯೮೦ರಲ್ಲಿ ಹಕ್ಕಿಗಳ ಮತ್ತು ಜೇನುನೊಣಗಳ ಕಾಂತಸಂವೇದನೆಯ ಪರವಾದ ವಾದವನ್ನು ಒಂದು ಲೇಖನದಲ್ಲಿ ಸಂಗ್ರಹಿಸಿ, ಅದರ ತಲೆಬರಹಕ್ಕೆ ‘ಅದಿರುವಷ್ಟರ ಮಟ್ಟಿಗೆ’ ಎಂಬರ್ಥದ ಬಾಲವೊಂದನ್ನು ಸೇರಿಸಿದ್ದನು. ಆ ಬಾಲವನ್ನು ಅವನ ಅನಂತರದವರು ಅನೇಕರು ಕತ್ತರಿಸಿಬಿಟ್ಟರು.

ಇನ್ನೊಂದು ಕವಲು ನಡವಳಿಕೆಯದು. ಇದು ಹೆಚ್ಚು ಗಟ್ಟಿ. ವಾಕರ್ ಮತ್ತು ಬಿಟರ್‌ಮನ್ ೧೯೮೫ರಿಂದ ನಡೆಸಿದ ಪ್ರಯೋಗಗಳಲ್ಲಿ, ಸಕ್ಕರೆನೀರನ್ನು ಬಹುಮಾನವಾಗಿಟ್ಟು, ಕಾಂತಕ್ಷೇತ್ರದಲ್ಲಿ ವ್ಯತ್ಯಾಸವಿರುವ ತಾಣವನ್ನು ಇಲ್ಲದ ತಾಣದಿಂದ ಬೇರ್ಪಡಿಸಲು ನೊಣಗಳಿಗೆ ಕಲಿಸಲಾಯಿತು. ಕಲಿತ ನೊಣದ ಹೊಟ್ಟೆಯ ಮುಂಭಾಗಕ್ಕೆ ಕಾಂತೀಕೃತ ತಂತಿಯ ಚೂರನ್ನು ಅಂಟಿಸಿದಾಗ ಈ ವಿವೇಚನೆ ಕೆಟ್ಟಿತು. ತಾಮ್ರದ ಚೂರನ್ನು ಅಂಟಿಸಿದಾಗ ಕೆಡಲಿಲ್ಲ. ಭಾರವೂ ಅಂಟೂ ಹಿಡಿದು ಬಿಡುವ ಹಿಂಸೆಯೂ ಎರಡರಲ್ಲಿಯೂ ಸಮ. ಬೇರೆಯಾದುದು ಕಾಂತತ್ವ ಒಂದೇ. ಒಳ್ಳೆಯ ಹೋಲಿಕೆಪ್ರಯೋಗವೆಂದರೆ ಇದು; ವಿದ್ಯಾರ್ಥಿಗಳಿಗೆ ಮಾದರಿಯಾಗಿ ತೋರಿಸತಕ್ಕದ್ದು. ಕಾಲೆಟ್ ಮತ್ತು ಬ್ಯಾರನ್ (೧೯೯೪) ನೊಣಗಳು ಹೆಗ್ಗುರುತನ್ನು ಕಲಿಯುವಾಗ ಒಂದೇ ದಿಕ್ಕಿಗೆ ಮುಖಮಾಡುವುವೆಂದೂ ಆ ದಿಕ್ಕನ್ನು ಕಾಂತಕ್ಷೇತ್ರದಿಂದ ಪಡೆಯಬಲ್ಲುವೆಂದೂ ತೋರಿಸಿದರು. ೨೦೧೭ರಲ್ಲಿ ಲಾಂಬಿನೆಯವರ ತಂಡ ಇದೇ ಜಾಡಿನಲ್ಲಿ ಮುಂದುವರಿಯಿತು. ಆದರೆ ಈ ಕವಲಿನಲ್ಲಿಯೂ ಎಲ್ಲವೂ ಸಮವಾಗಿ ಗಟ್ಟಿಯಲ್ಲ. ನೊಣಗಳ ಸಂವೇದನೆಯ ಕನಿಷ್ಠ ಮಿತಿಯನ್ನು ಕುರಿತು ೧೯೯೭ರಲ್ಲಿ ಪ್ರಕಟವಾಗಿ ಬಹಳವಾಗಿ ಉದ್ಧೃತವಾಗುತ್ತಿದ್ದ ಪ್ರಬಂಧವೊಂದರ ಅಂಕಿಅಂಶಗಳನ್ನು ೨೦೧೮ರಲ್ಲಿ ಬಾಲ್ಟ್ಸ್‌ಲಿ ಮತ್ತು ನಾಬಿಟಿ ಮರುಪರಿಶೀಲಿಸಿ, ಆ ನೊಣಗಳ ಆಯ್ಕೆಗೂ ನಾಣ್ಯ ಚಿಮ್ಮುವುದಕ್ಕೂ ವ್ಯತ್ಯಾಸವಿಲ್ಲವೆಂದು ತೋರಿಸಿದರು. ಮೂಲ ಪ್ರಬಂಧಕ್ಕೂ ಮರುಪರಿಶೀಲನೆಗೂ ನಡುವೆ ಇಪ್ಪತ್ತೊಂದು ವರ್ಷ ಕಳೆದಿದ್ದುವು. ಅಷ್ಟು ಕಾಲವೂ ಅಂಕಿಗಳು ಅಚ್ಚಿನಲ್ಲಿಯೇ ಇದ್ದುವು, ಓದಿದವರೂ ಇದ್ದರು, ಎಣಿಸಿ ನೋಡಿದವರು ಇರಲಿಲ್ಲ.

ಈಗ ಹಣ್ಣುನೊಣಕ್ಕೆ ಬರೋಣ. ಇಲ್ಲಿ ವಿವಾದ ತೀಕ್ಷ್ಣವಾಗಿದೆ. ವಿಮರ್ಶಕನಿಗೆ ಕಲಿಯಲು ಹೆಚ್ಚು ಸಿಗುವುದೂ ಇಲ್ಲಿಯೇ.

೨೦೦೮ರಲ್ಲಿ ಗೆಗಿಯರ್, ಕ್ಯಾಸಲ್‌ಮನ್, ವಾಡೆಲ್, ರೆಪರ್ಟ್ ಈ ನಾಲ್ವರು ‘ಟಿ’ ಅಕ್ಷರದಾಕಾರದ ಕವಲುದಾರಿಯೊಂದರಲ್ಲಿ ನೊಣಗಳನ್ನು ಪರೀಕ್ಷಿಸಿದರು. ಒಂದು ಕವಲಿನಲ್ಲಿ, ಭೂಕ್ಷೇತ್ರದ ಸುಮಾರು ಹತ್ತು ಪಟ್ಟಿನವರೆಗೆ ಏರುವ ಸ್ಥಿರ ಕ್ಷೇತ್ರ, ಇನ್ನೊಂದರಲ್ಲಿ ಅದಿಲ್ಲ. ಕ್ಷೇತ್ರದೊಡನೆ ಸಕ್ಕರೆಯನ್ನು ಕೊಟ್ಟು ಕಲಿಸಿದ ನೊಣಗಳು ಅನಂತರ ಕ್ಷೇತ್ರವಿರುವ ಕವಲನ್ನು ಹೆಚ್ಚಾಗಿ ಆರಿಸಿದುವು. ಕ್ರಿಪ್ಟೋಕ್ರೋಮ್ ಜೀನು ಕೆಟ್ಟ ನೊಣಗಳು ಆರಿಸಲಿಲ್ಲ. ನೇರಳೆ ಮತ್ತು ನೀಲಿಯ ಅಂಚಿನ ಬೆಳಕನ್ನು ತಡೆದಾಗ ಸಾಮಾನ್ಯ ನೊಣಗಳೂ ಆರಿಸಲಿಲ್ಲ. ಜೋಡಿ ರ‍್ಯಾಡಿಕಲ್ ವಾದಕ್ಕೆ ಇದಕ್ಕಿಂತ ಒಪ್ಪುವ ಬೆಂಬಲ ಬೇಕಿರಲಿಲ್ಲ. ಮರುವರ್ಷ, ೨೦೦೯ರಲ್ಲಿ, ಯೋಶಿಇ, ಅಹ್ಮದ್, ಹೆಲ್‌ಫ್ರಿಷ್-ಫರ್ಸ್ಟರ್ ಇವರು ನೀಲಿ ಬೆಳಕಿನಲ್ಲಿ ಸ್ಥಿರ ಕ್ಷೇತ್ರವು ನೊಣದ ದೈನಿಕ ಗಡಿಯಾರವನ್ನು ನಿಧಾನಗೊಳಿಸುವುದೆಂದು ಬರೆದರು. ೨೦೧೧ರಲ್ಲಿ ಮನುಷ್ಯನ ಕ್ರಿಪ್ಟೋಕ್ರೋಮನ್ನು ನೊಣದಲ್ಲಿಟ್ಟಾಗಲೂ ಪರಿಣಾಮ ಕಾಣುವುದೆಂಬ ಸುದ್ದಿ ಹೊರಬಂದಿತು. ಕಟ್ಟಡ ಅಂತಸ್ತಿನ ಮೇಲೆ ಅಂತಸ್ತಾಗಿ ಏರುತ್ತಿತ್ತು.

ಬಿರುಕುಗಳೂ ಇದ್ದುವು, ಆದರೆ ಅವನ್ನು ಗಮನಿಸಿದವರು ಕಡಿಮೆ. ೨೦೧೪ರಲ್ಲಿ ಫೆಡೆಲೆ ಮೊದಲಾದವರು ಗಡಿಯಾರದ ಪ್ರಯೋಗವನ್ನು ಪುನಃ ನಡೆಸಿದಾಗ ಅವಧಿ ಉದ್ದವಾಗುವ ಬದಲು ಕುಗ್ಗಿತು. ಇದನ್ನು ‘ಪರಿಣಾಮ ಉಂಟೆಂಬುದು ದೃಢಪಟ್ಟಿತು’ ಎಂದು ಬಣ್ಣಿಸಿದವರುಂಟು. ನಾವು ಇದನ್ನು ಒಪ್ಪಲಾರೆವು. ಒಂದು ಔಷಧಿ ಒಬ್ಬ ವೈದ್ಯನ ಕೈಯಲ್ಲಿ ಜ್ವರವನ್ನು ಇಳಿಸಿ, ಇನ್ನೊಬ್ಬನ ಕೈಯಲ್ಲಿ ಏರಿಸಿದರೆ, ಔಷಧಿಯ ಗುಣ ಎರಡು ಸಲ ಸಿದ್ಧವಾಯಿತೆಂದು ಯಾರೂ ಹೇಳುವುದಿಲ್ಲ. ದಿಕ್ಕನ್ನು ಮುಂಚಿತವಾಗಿ ಹೇಳದ ಊಹೆ ಯಾವ ಫಲದಿಂದಲೂ ಸೋಲುವುದಿಲ್ಲ. ಆದುದರಿಂದಲೇ ಯಾವ ಫಲದಿಂದಲೂ ಗೆಲ್ಲುವುದೂ ಇಲ್ಲ.

೨೦೨೩ರ ಆಗಸ್ಟಿನಲ್ಲಿ ಬಾಸೆಟ್ಟೊ ಮತ್ತು ಅವನ ಸಹೋದ್ಯೋಗಿಗಳು ಪ್ರಕಟಿಸಿದ ಕೆಲಸದ ತೂಕವನ್ನು ಅದರ ಅಂಕಿಗಳೇ ಹೇಳುತ್ತವೆ: ಕವಲುದಾರಿಯಲ್ಲಿ ೯೭,೬೫೮ ನೊಣಗಳು, ಬೆಚ್ಚಿಸಿದಾಗ ಮೇಲಕ್ಕೆ ಹತ್ತುವ ಸ್ವಭಾವದ ಪರೀಕ್ಷೆಯಲ್ಲಿ ೧೦,೯೬೦. ಪರಿಣಾಮವಿಲ್ಲ. ಸಂಖ್ಯೆಗಿಂತಲೂ ಮುಖ್ಯವಾದುದು ಈ ತಂಡದಲ್ಲಿದ್ದವರು ಯಾರೆಂಬುದು. ಆಲ್ಡೆನ್‌ಬರ್ಗಿನ ಮೌರಿಟ್ಸನ್ನನೂ ಆಕ್ಸ್‌ಫರ್ಡಿನ ಹೋರನೂ ಹಕ್ಕಿಗಳಲ್ಲಿ ಜೋಡಿ ರ‍್ಯಾಡಿಕಲ್ ದಿಕ್ಸೂಚಿಯಿದೆಯೆಂಬ ವಾದದ ಮುಂದಾಳುಗಳು. ನೊಣದಲ್ಲಿ ಪರಿಣಾಮ ಸಿಕ್ಕಿದ್ದರೆ ಅವರ ವಾದಕ್ಕೇ ಬಲ. ತಮ್ಮ ಲಾಭಕ್ಕೆ ವಿರೋಧವಾದ ಸಾಕ್ಷ್ಯವನ್ನು ಹೇಳುವ ಸಾಕ್ಷಿಯ ಮಾತಿಗೆ ನ್ಯಾಯಾಲಯದಲ್ಲಿ ಬೆಲೆ ಹೆಚ್ಚು. ಪ್ರಯೋಗಶಾಲೆಯಲ್ಲಿಯೂ ಹಾಗೆಯೇ ಎಂದು ನಮ್ಮ ಅಭಿಪ್ರಾಯ. ಮೊದಲಿನ ಪ್ರಯೋಗಗಳಲ್ಲಿ ಬಳಸಿದ ನೊಣಗಳ ಸಂಖ್ಯೆಯೂ ಕಂಡ ವ್ಯತ್ಯಾಸದ ಗಾತ್ರವೂ ಹೊಂದುವುದಿಲ್ಲವೆಂದೂ, ಅವು ಬಹುಶಃ ಆಕಸ್ಮಿಕದ ಫಲಗಳೆಂದೂ ಇವರು ವಾದಿಸಿದ್ದಾರೆ.

ಹಾಗಾದರೆ ಅದೇ ವರ್ಷದ ಫೆಬ್ರವರಿಯಲ್ಲಿ ಬ್ರಾಡ್‌ಲಾ ಮೊದಲಾದವರು ಪ್ರಕಟಿಸಿದ ಕೆಲಸವೇನಾಯಿತು? ಅದು ತಾನಾಗಿ ಬಿದ್ದುಹೋಗುವುದಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಮರಿಹುಳುವಿನ ನರಕೋಶದ ವಿದ್ಯುತ್ತನ್ನು ಅಳೆದ ಅವರ ಪ್ರಯೋಗದಲ್ಲಿ ಕ್ಷೇತ್ರವು ಭೂಕ್ಷೇತ್ರಕ್ಕಿಂತ ಸಾವಿರಾರು ಪಟ್ಟು ಬಲವಾದುದು. ಕ್ರಿಪ್ಟೋಕ್ರೋಮಿನ ಕೊನೆಯ ೫೨ ಅಮೈನೊ ಆಮ್ಲಗಳಷ್ಟೇ ಇದ್ದರೂ ಪರಿಣಾಮ ಉಳಿಯಿತೆಂಬುದು ಅವರ ಮುಖ್ಯ ಮಾತು. ಸ್ವಾರಸ್ಯವೆಂದರೆ, ಜೋಡಿ ರ‍್ಯಾಡಿಕಲ್‌ಗಳು ಹುಟ್ಟುವ ಭಾಗವೆಂದು ಎಲ್ಲರೂ ನಂಬಿದ್ದುದು ಆ ತುಣುಕಿನಲ್ಲಿ ಇಲ್ಲವೇ ಇಲ್ಲ. ಎಂದ ಮೇಲೆ, ಈ ಫಲ ಸರಿಯಾದ ಪಕ್ಷದಲ್ಲಿ ೨೦೦೮ರ ವ್ಯಾಖ್ಯಾನವನ್ನು ಅದು ಎತ್ತಿಹಿಡಿಯುವ ಬದಲು ಇನ್ನಷ್ಟು ಕದಲಿಸುತ್ತದೆ. ಬಲವಾದ ಕ್ಷೇತ್ರದಲ್ಲಿ ಒಂದು ಕೋಶ ಸ್ಪಂದಿಸಬಹುದು. ಆದರೆ ನೊಣವು ಭೂಮಿಯ ಕ್ಷೇತ್ರವನ್ನು ಅರಿತು ನಡೆಯುತ್ತದೆಂದು ಅದರಿಂದ ಸಿದ್ಧವಾಗುವುದಿಲ್ಲ. ತರಗತಿಯಲ್ಲಿ ಹೇಳಬೇಕಾದುದು ಇಷ್ಟೇ ಎಂದು ನಮಗನ್ನಿಸುತ್ತದೆ: ಹಣ್ಣುನೊಣದ ಕಾಂತೇಂದ್ರಿಯ ಸದ್ಯಕ್ಕೆ ಅಸಿದ್ಧ.

ಸೀನೊರ‍್ಯಾಬ್ಡೈಟಿಸ್ ಎಂಬ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನ ಕಥೆ ಚಿಕ್ಕದು, ಆದರೆ ಇದಕ್ಕಿಂತ ಶುದ್ಧವಾದುದು. ೨೦೧೫ರಲ್ಲಿ ವಿದಾಲ್-ಗದೆಯಾ ಮುಂತಾದವರು, ಈ ಹುಳು ಭೂಕ್ಷೇತ್ರದ ರೇಖೆಗೆ ಒಂದು ಗೊತ್ತಾದ ಕೋನದಲ್ಲಿ ಹರಿದು ಮಣ್ಣಿನಲ್ಲಿ ಮೇಲೆ ಅಥವಾ ಕೆಳಗೆ ಹೋಗುವುದೆಂದೂ, ಹಸಿದಿದ್ದಾಗ ಒಂದು ಕಡೆಗೂ ಉಂಡಿದ್ದಾಗ ಅದರ ವಿರುದ್ಧ ಕಡೆಗೂ ಚಲಿಸುವುದೆಂದೂ ಬರೆದರು. ೨೦೧೮ರಲ್ಲಿ ವಿಯೆನ್ನದ ಲಾಂಡ್ಲರ್, ಕೀಸ್ ಮೊದಲಾದವರು ಇದನ್ನು ಮರುಪರೀಕ್ಷಿಸಿದಾಗ ಎರಡು ಎಚ್ಚರಿಕೆಗಳನ್ನು ವಹಿಸಿದರು. ಎಣಿಸುವವನಿಗೆ ಯಾವ ತಟ್ಟೆಗೆ ಕ್ಷೇತ್ರ ಹಾಕಿದೆಯೆಂದು ತಿಳಿಯದಂತೆ ಮಾಡಿದ್ದು ಒಂದು. ಇನ್ನೊಂದು ಜೋಡಿಸುತ್ತಿನ ಸುರುಳಿ. ತಂತಿಯಲ್ಲಿ ವಿದ್ಯುತ್ ಹರಿದರೆ ಕಾಂತಕ್ಷೇತ್ರ ಮಾತ್ರವಲ್ಲ, ಶಾಖವೂ ಹುಟ್ಟುತ್ತದೆ. ಈ ಹುಳುವೋ ಡಿಗ್ರಿಯ ಅತ್ಯಲ್ಪ ಭಾಗದ ಬಿಸಿಯನ್ನೂ ಅರಿಯುವುದರಲ್ಲಿ ಹೆಸರಾದುದು. ಒಂದೇ ಚೌಕಟ್ಟಿಗೆ ಎರಡು ತಂತಿಗಳನ್ನು ಸುತ್ತಿ, ಅವುಗಳಲ್ಲಿ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಸಿದರೆ ಕ್ಷೇತ್ರವುಂಟು. ವಿರುದ್ಧ ದಿಕ್ಕುಗಳಿಗೆ ಹರಿಸಿದರೆ ಎರಡೂ ಕ್ಷೇತ್ರಗಳು ಅಳಿಸಿಹೋಗುತ್ತವೆ. ಶಾಖ ಮಾತ್ರ ಎರಡು ಸಂದರ್ಭಗಳಲ್ಲಿಯೂ ಸಮ. ಹೀಗೆ ಮಾಡಿದಾಗ ಹುಳುವಿನ ಕಾಂತಸಂವೇದನೆ ಕಾಣಲಿಲ್ಲ. ಇವರ ಇನ್ನೊಂದು ಆಕ್ಷೇಪಣೆಗೆ ಪ್ರಯೋಗಶಾಲೆಯೂ ಬೇಡ, ರೇಖಾಗಣಿತ ಸಾಕು: ಒಂದು ರೇಖೆಗೆ ಗೊತ್ತಾದ ಕೋನದಲ್ಲಿರುವ ದಿಕ್ಕು ಒಂದಲ್ಲ, ಅಂಥ ದಿಕ್ಕುಗಳೆಲ್ಲ ಸೇರಿ ಒಂದು ಶಂಕುವಾಗುತ್ತವೆ. ಆ ಶಂಕುವಿನ ಮೇಲೆ ಹುಳು ಎತ್ತಲಾದರೂ ಹೋಗಬಹುದು. ಲಂಬವಾಗಿಯೇ ಹೋಗಬೇಕೆಂಬ ನಿಯಮವಿಲ್ಲ. ಮೂಲ ಲೇಖಕರು ಹುಳುಗಳ ಹಸಿವಿನ ಸ್ಥಿತಿ ಸರಿಯಾಗಿರಲಿಲ್ಲವೆಂದು ಉತ್ತರ ಕೊಟ್ಟರು. ಶಂಕುವಿನ ಪ್ರಶ್ನೆಗೆ ಹಸಿವು ಉತ್ತರವಾಗದು.

ನೊಣದ ಪ್ರೋಟೀನೊಂದನ್ನು ಕುರಿತು ೨೦೧೫ರ ಕೊನೆಯಲ್ಲಿ ಚೀನದಿಂದ ಬಂದ ‘ಜೈವಿಕ ದಿಕ್ಸೂಚಿ’ಯ ಸುದ್ದಿಯನ್ನು ಇಲ್ಲಿಯೇ ಮುಗಿಸಿಬಿಡಬಹುದು. ಆ ಪ್ರೋಟೀನಿನಲ್ಲಿರುವ ಕಬ್ಬಿಣದ ಪರಮಾಣುಗಳು ಕೆಲವೇ ಹತ್ತುಗಳು. ಅವುಗಳಿಗೆ ಭೂಕ್ಷೇತ್ರದಿಂದ ದೊರಕಬಹುದಾದ ಶಕ್ತಿಯನ್ನು ಮಾರ್ಕಸ್ ಮೈಸ್ಟರ್ ೨೦೧೬ರಲ್ಲಿ ಲೆಕ್ಕಹಾಕಿ, ಇಂಥ ವಾದಗಳು ಬೇಕಾದುದಕ್ಕಿಂತ ಹತ್ತರ ಐದರಿಂದ ಹತ್ತು ಘಾತಗಳಷ್ಟು ಹಿಂದೆ ಬೀಳುತ್ತವೆಂದು ತೋರಿಸಿದನು. ಪದವಿ ತರಗತಿಯ ಭೌತಶಾಸ್ತ್ರದಿಂದ ಮಾಡಬಹುದಾದ ಲೆಕ್ಕ ಅದು.

ಇಷ್ಟನ್ನು ಓದಿದ ವಾಚಕರು, ಹಾಗಾದರೆ ಅಕಶೇರುಕಗಳ ಕಾಂತಸಂವೇದನೆಯೆಂಬುದೆಲ್ಲ ಭ್ರಾಂತಿಯೇ ಎಂದು ಕೇಳಬಹುದು. ಅಲ್ಲವೆಂದೇ ನಮ್ಮ ಉತ್ತರ. ಫ್ಲಾರಿಡದ ಮುಳ್ಳು ಲಾಬ್‌ಸ್ಟರುಗಳನ್ನು ಕುರಿತ ಬೋಲ್ಸ್ ಮತ್ತು ಲೋಮನ್ನರ ಕೆಲಸ (೨೦೦೩) ನಮ್ಮ ದೃಷ್ಟಿಯಲ್ಲಿ ಈ ಸಾಹಿತ್ಯದ ಅತ್ಯುತ್ತಮ ಪುಟಗಳಲ್ಲಿ ಒಂದು. ಹಿಡಿದ ಪ್ರಾಣಿಗಳನ್ನು ಮುಚ್ಚಿದ ತೊಟ್ಟಿಗಳಲ್ಲಿ, ದಾರಿಯ ಗುರುತು ಸಿಕ್ಕದಂತೆ, ೧೨ರಿಂದ ೩೭ ಕಿಲೋಮೀಟರು ದೂರ ಸಾಗಿಸಿ, ಕಣ್ಣು ಮುಚ್ಚಿ ಬಿಟ್ಟರೂ ಅವು ಹಿಡಿದ ತಾಣದ ಕಡೆಗೇ ಮುಖಮಾಡಿದುವು. ಅನಂತರ ಅವುಗಳನ್ನು ಒಂದೇ ಸ್ಥಳದಲ್ಲಿಟ್ಟು ಸುತ್ತಲಿನ ಕ್ಷೇತ್ರವನ್ನು ಮಾತ್ರ ಬದಲಾಯಿಸಲಾಯಿತು: ದೂರದ ಉತ್ತರದ ಕ್ಷೇತ್ರದಲ್ಲಿಟ್ಟವು ದಕ್ಷಿಣಕ್ಕೂ, ದಕ್ಷಿಣದ ಕ್ಷೇತ್ರದಲ್ಲಿಟ್ಟವು ಉತ್ತರಕ್ಕೂ ನಡೆದುವು. ಇಲ್ಲಿ ಫಲ ಯಾವ ದಿಕ್ಕಿಗಿರಬೇಕೆಂಬುದು ಪ್ರಯೋಗಕ್ಕೆ ಮುಂಚೆಯೇ ಗೊತ್ತು. ತಪ್ಪಾಗುವ ಅವಕಾಶವನ್ನು ಊಹೆ ತಾನಾಗಿ ತೆರೆದಿಟ್ಟಿದೆ. ಕ್ಯಾಟಗ್ಲಿಫಿಸ್ ಎಂಬ ಇರುವೆಯ ಮೇಲೆ ಫ್ಲೈಶ್‌ಮನ್, ವೆನರ್, ರೊಸ್ಲರ್ ಮೊದಲಾದವರು ೨೦೧೮ರಲ್ಲಿ ಪ್ರಕಟಿಸಿದ ಕೆಲಸವೂ ಇದೇ ಜಾತಿಯದು. ಮೊದಲ ಸಲ ಗೂಡಿನಿಂದ ಹೊರಬಂದ ಇರುವೆ ಸುತ್ತ ತಿರುಗಿ ನಡುನಡುವೆ ನಿಂತು, ಮರಳಿನಲ್ಲಿ ಕಾಣದ ಗೂಡಿನ ಬಾಯಿಯ ಕಡೆಗೆ ತಿರುಗಿ ನೋಡುತ್ತದ. ಸುರುಳಿಗಳಿಂದ ಕ್ಷೇತ್ರದ ದಿಕ್ಕನ್ನು ತಿರುಗಿಸಿದಾಗ, ಅದಕ್ಕನುಗುಣವಾಗಿ ಗೂಡು ಎಲ್ಲಿರಬೇಕಾಗಿತ್ತೋ ಆ ಸುಳ್ಳುತಾಣದ ಕಡೆಗೆ ನೋಡಿತು. ಎಷ್ಟು ಡಿಗ್ರಿ ತಿರುಗಿಸಿದರೆ ಎತ್ತ ನೋಡಬೇಕೆಂಬುದನ್ನು ಮೊದಲೇ ಬರೆದಿಡಬಹುದು.

ಆಸ್ಟ್ರೇಲಿಯದ ಬೊಗಾಂಗ್ ಪತಂಗವು (ಡ್ರೇಯರ್ ಮೊದಲಾದವರು, ೨೦೧೮) ಕಣ್ಣಿಗೆ ಕಾಣುವ ಗುರುತನ್ನೂ ಕಾಂತಕ್ಷೇತ್ರವನ್ನೂ ಒಟ್ಟಿಗೆ ತಿರುಗಿಸಿದರೆ ಅವನ್ನು ಅನುಸರಿಸಿ, ಬೇರೆಬೇರೆಯಾಗಿ ತಿರುಗಿಸಿದರೆ ಕೆಲವು ನಿಮಿಷಗಳಲ್ಲಿ ದಿಕ್ಕುಗೆಡುತ್ತದೆ. ಜಿರಲೆಯ ಮೇಲೆ ವಾಹಾ ಮತ್ತು ಅವನ ಸಂಗಡಿಗರ ಕೆಲಸವನ್ನೂ, ಟ್ರಿಟೋನಿಯ ಎಂಬ ಚಿಪ್ಪಿಲ್ಲದ ಕಡಲ ಮೃದ್ವಂಗಿಯ ಮೇಲೆ ಲೋಮನ್ ಮತ್ತು ವಿಲೋಸ್ ೧೯೮೭ರಲ್ಲಿ ಮಾಡಿದ ಕೆಲಸವನ್ನೂ ನಾವು ತಕ್ಕಮಟ್ಟಿಗೆ ಭರವಸೆಯವೆಂದು ಎಣಿಸುತ್ತೇವೆ. ಎರಡನೆಯದರಲ್ಲಿ ದಿಕ್ಕಿನ ಆಯ್ಕೆ ಚಂದ್ರನ ಪಕ್ಷಕ್ಕನುಗುಣವಾಗಿ ಬದಲಾಗುವುದೆಂಬ ಮಾತು ಬ್ರೌನನ ನೆರಳನ್ನು ನೆನಪಿಗೆ ತರುತ್ತದೆ. ಆದರೂ ಅದೇ ಪ್ರಾಣಿಯ ಗುರುತಿಸಬಲ್ಲ ನರಕೋಶವೊಂದು ಭೂಕ್ಷೇತ್ರದಷ್ಟೇ ಬಲದ ಬದಲಾವಣೆಗೆ ಸ್ಪಂದಿಸಿತೆಂದು ೧೯೯೧ರಲ್ಲಿ ತೋರಿಸಿದುದರಿಂದ ಅನುಮಾನ ಕೊಂಚ ಇಳಿಯುತ್ತದೆ. ಮೊನಾರ್ಕ್ ಚಿಟ್ಟೆಯ ವಿಷಯದಲ್ಲಿ ನಾವು ತೀರ್ಪು ಕೊಡುವ ಸ್ಥಿತಿಯಲ್ಲಿಲ್ಲ: ೨೦೦೨ರಲ್ಲಿ ಮೌರಿಟ್ಸನ್ ಮತ್ತು ಫ್ರಾಸ್ಟ್ ಕಾಂತದಿಕ್ಸೂಚಿ ಕಾಣಲಿಲ್ಲವೆಂದರು; ೨೦೧೪ರಲ್ಲಿ ಗೆರಾ, ಗೆಗಿಯರ್, ರೆಪರ್ಟ್ ತಕ್ಕ ಬಣ್ಣದ ಬೆಳಕಿದ್ದರೆ ಕಾಣುವುದೆಂದರು. ಬೆಳಕಿನ ವ್ಯತ್ಯಾಸ ಸರಿಯಾದ ಸಮಾಧಾನವಿರಬಹುದು. ಆಸ್ಟ್ರೇಲಿಯದ ಉತ್ತರಭಾಗದಲ್ಲಿ ಉತ್ತರದಕ್ಷಿಣವಾಗಿ ಚಪ್ಪಟೆಯ ಹುತ್ತ ಕಟ್ಟುವ ಗೆದ್ದಲಿನ ಬಗ್ಗೆ ಒಂದೇ ಮಾತು: ಆ ಆಕಾರದ ಪ್ರಯೋಜನ ಬಿಸಿಲಿಗೆ ಸಂಬಂಧಿಸಿದ್ದು, ಕಾಂತಕ್ಷೇತ್ರ ಕಟ್ಟುವಾಗಿನ ಗುರುತಾಗಿರಬಹುದಷ್ಟೆ.

ಬಲವಾದ ಕ್ಷೇತ್ರಗಳ ಸಾಹಿತ್ಯ ಇದಕ್ಕಿಂತ ದೊಡ್ಡದು, ಗುಣದಲ್ಲಿ ಕಡಿಮೆ. ಮ್ಯಾಡಲಿನ್ ಬಾರ್ನೋಥಿ ಸಂಪಾದಿಸಿದ ೧೯೬೪ ಮತ್ತು ೧೯೬೯ರ ಸಂಪುಟಗಳಿಂದ ಹಿಡಿದು, ಬೆಲ್‌ಗ್ರೇಡಿನಲ್ಲಿ ಹಿಟ್ಟಿನ ಹುಳು ಮತ್ತು ಕಾಂಡಕೊರಕ ದುಂಬಿಗಳ ಮೇಲೆ ನಡೆದ ಪ್ರಯೋಗಗಳವರೆಗೆ, ಕೆಲವು ನೂರು ಮಿಲಿಟೆಸ್ಲಗಳ ಅಯಸ್ಕಾಂತದ ನಡುವೆ ಇಟ್ಟ ಕೀಟಗಳ ಬೆಳವಣಿಗೆ, ಸಾವು, ಜೀರ್ಣಕಿಣ್ವ, ನರಕೋಶಗಳ ಅಳತೆ ಇವುಗಳಲ್ಲಿ ವ್ಯತ್ಯಾಸಗಳನ್ನು ಹೇಳಿದೆ. ಒಂದೇ ಪ್ರಯೋಗದಲ್ಲಿ ಹಲವಾರು ಅಳತೆಗಳನ್ನು ತೆಗೆದು, ಬದಲಾದುದನ್ನು ಮಾತ್ರ ಹಿಡಿದು ಮಾತಾಡುವುದು ಈ ಸಾಹಿತ್ಯದ ಸಾಮಾನ್ಯ ದೋಷ. ಹೋಲಿಕೆಯ ಗುಂಪಿನ ಬಳಿ ಅಷ್ಟೇ ಗಾತ್ರದ ಕಾಂತವಿಲ್ಲದ ಲೋಹವನ್ನು ಇಟ್ಟಿದ್ದರೇ ಎಂಬುದನ್ನು ಓದುಗನು ಮೊದಲು ಹುಡುಕಬೇಕು. ಲೋಹದ ದಿಮ್ಮಿ ಬೆಳಕನ್ನೂ ಗಾಳಿಯನ್ನೂ ತಡೆಯುತ್ತದೆ, ಪೆಟ್ಟಿಗೆಯ ಉಷ್ಣತೆಯನ್ನು ಬದಲಿಸುತ್ತದೆ. ಯಾಂತ್ರಿಕ ಬಲವನ್ನೂ ಲೆಕ್ಕಹಾಕಿ ನೋಡಬಹುದು. ನೀರನ್ನು ಕಾಂತಬಲದಿಂದ ಗಾಳಿಯಲ್ಲಿ ತೇಲಿಸಲು ಕ್ಷೇತ್ರವನ್ನೂ ಅದರ ಇಳಿಜಾರನ್ನೂ ಗುಣಿಸಿದ ಮೌಲ್ಯ ಮೀಟರಿಗೆ ಸುಮಾರು ೧೪೦೦ ಟೆಸ್ಲ ವರ್ಗದಷ್ಟಿರಬೇಕು. ೧೯೯೭ರಲ್ಲಿ ಗೈಮ್ ಮತ್ತು ಬೆರಿ ವಿವರಿಸಿದ ಕಪ್ಪೆಯ ತೇಲಾಟಕ್ಕೆ ಸುಮಾರು ೧೬ ಟೆಸ್ಲ ಬೇಕಾಯಿತು. ೦.೩ ಟೆಸ್ಲದ ಅಯಸ್ಕಾಂತದಲ್ಲಿ, ಮೀಟರಿಗೆ ೧೦ ಟೆಸ್ಲದ ಇಳಿಜಾರಿದ್ದರೂ, ಕೀಟದ ಮೇಲಿನ ಬಲ ಗುರುತ್ವದ ಸುಮಾರು ಐನೂರರಲ್ಲಿ ಒಂದು ಪಾಲು. ತೇಲುವಷ್ಟು ಬಲವಾದ ಕ್ಷೇತ್ರದಲ್ಲಾದರೋ ಸಂಗತಿ ಬೇರೆ: ೨೦೧೨ರಲ್ಲಿ ಹಿಲ್ ಮುಂತಾದವರು ಹೀಗೆ ತೇಲಿಸಿದ ಹಣ್ಣುನೊಣಗಳ ನಡಿಗೆಯಲ್ಲಿ ಕಂಡ ವ್ಯತ್ಯಾಸ ಭಾರವಿಲ್ಲದಿರುವುದರ ಫಲ. ಕಾರಣವನ್ನು ನ್ಯೂಟನ್ನುಗಳಲ್ಲಿ ಹೇಳಬಹುದಾದಲ್ಲಿ ಗೂಢವೇನೂ ಉಳಿಯುವುದಿಲ್ಲ.

ನಮ್ಮ ಕಾಲೇಜುಗಳಲ್ಲಿ ಇಂಥ ಪ್ರಯೋಗ ಮಾಡಬಯಸುವವರಿಗೆ ಒಂದು ಅನುಕೂಲವೂ ಒಂದು ತೊಡಕೂ ಇವೆ. ಭೂಕಾಂತ ವಿಷುವರೇಖೆ ನಮ್ಮ ದೇಶದ ದಕ್ಷಿಣದ ತುದಿಯ ಸಮೀಪದಲ್ಲಿ ಹಾಯುತ್ತದೆ. ಬೀದರಿನಿಂದ ಚಾಮರಾಜನಗರದ ಕಡೆಗೆ ಬಂದಂತೆ ಕ್ಷೇತ್ರರೇಖೆಯ ಬಾಗು ಕಡಿಮೆಯಾಗುತ್ತ ಹೋಗಿ, ಕ್ಷೇತ್ರದ ಬಲ ಬಹುಮಟ್ಟಿಗೆ ಸಮತಲದಲ್ಲಿಯೇ ಇರುತ್ತದೆ. ಆದ್ದರಿಂದ ಒಂದು ಜೊತೆ ಸುರುಳಿಗಳಿಂದಲೇ ಅದನ್ನು ತಕ್ಕಮಟ್ಟಿಗೆ ಅಳಿಸಬಹುದು. ಯೂರೋಪಿನ ಪ್ರಯೋಗಶಾಲೆಗಳಿಗೆ ಈ ಸೌಕರ್ಯವಿಲ್ಲ. ತೊಡಕೇನೆಂದರೆ, ಜೋಡಿ ರ‍್ಯಾಡಿಕಲ್ ವಾದದ ದಿಕ್ಸೂಚಿಯು ಉತ್ತರ ಯಾವುದು ದಕ್ಷಿಣ ಯಾವುದೆಂದು ಅರಿಯದೆ, ರೇಖೆಯ ಬಾಗಿನಿಂದ ಮಾತ್ರ ಧ್ರುವದ ಕಡೆಯನ್ನೂ ವಿಷುವದ ಕಡೆಯನ್ನೂ ಬೇರ್ಪಡಿಸುತ್ತದೆ. ಬಾಗು ಇಲ್ಲವಾದಲ್ಲಿ ಅದು ಮೂಕವಾಗಬೇಕು. ಮ್ಯಾಗ್ನಟೈಟ್ ದಿಕ್ಸೂಚಿಗೆ ಈ ಕಷ್ಟವಿಲ್ಲ. ಮುಂಗಾರಿಗೆ ಮುಂಚೆಯೂ ಅನಂತರವೂ ಪಶ್ಚಿಮಘಟ್ಟಗಳಿಗೂ ಪೂರ್ವದ ಬಯಲುಗಳಿಗೂ ನಡುವೆ ಹಿಂಡುಹಿಂಡಾಗಿ ವಲಸೆ ಹೋಗುವ ನಮ್ಮ ಚಿಟ್ಟೆಗಳು ಮೊನಾರ್ಕಿನ ಹತ್ತಿರದ ಬಂಧುಗಳು. ಅವುಗಳನ್ನು ದಾರದಲ್ಲಿ ಕಟ್ಟಿ ಹಾರಿಸಿ, ಒಮ್ಮೆ ಕ್ಷೇತ್ರದ ಬಾಗನ್ನು ಮಾತ್ರ ತಲೆಕೆಳಗು ಮಾಡಿ, ಒಮ್ಮೆ ಉತ್ತರವನ್ನು ಮಾತ್ರ ತಿರುಗಿಸಿ, ಎಣಿಸುವವನಿಗೆ ಯಾವುದು ಯಾವುದೆಂದು ತಿಳಿಸದೆ ನೋಡಿದರೆ, ಎರಡು ಸೇತುವೆಗಳಲ್ಲಿ ಒಂದಾದರೂ ಮುರಿಯಬಹುದು. ಅದಕ್ಕೆ ಬೇಕಾದುದು ತಾಮ್ರದ ತಂತಿ, ಮರದ ಚೌಕಟ್ಟು, ಒಂದು ಕಾಂತಮಾಪಕ, ಮತ್ತು ಎಷ್ಟು ಚಿಟ್ಟೆಗಳನ್ನು ಪರೀಕ್ಷಿಸಬೇಕೆಂದು ಮೊದಲೇ ಬರೆದಿಟ್ಟ ಒಂದು ಹಾಳೆ.